ಮಳೆ ರಜೆಯಲ್ಲಿ ಸಣ್ಣ ಮಕ್ಕಳಿಗೆ ಲೆಕ್ಕ, ವಿಜ್ಞಾನ: ಮನೆಯಲ್ಲಿ ನೀವು ಎಂತ ಮಾಡಿಸ್ತೀರಿ?

ಬಿಜೈ_ಅಮ್ಮ
ಬುಧವಾರ ರಾತ್ರಿ 9:52

ನಿನ್ನೆಯೂ ರಜೆ, ಇವತ್ತೂ ರಜೆ. ನಾಳೆಯದ್ದು ಡಿಸಿ ಇನ್ನೂ ಹೇಳ್ಲಿಲ್ಲ, ಆದ್ರೆ ಹೊರಗೆ ಹೊಯ್ಯುವ ಶಬ್ದ ಕೇಳಿದ್ರೆ ಹೇಳುವ ಅಗತ್ಯವೂ ಇಲ್ಲ.

ಮನೆಯಲ್ಲಿ ಇಬ್ಬರು. ದೊಡ್ಡವಳಿಗೆ ಐದು, ಯುಕೆಜಿ. ಸಣ್ಣವನಿಗೆ ಮೂರು ತುಂಬಿದ್ದಷ್ಟೆ. ದೊಡ್ಡವಳು ಒನ್, ಟೂ, ತ್ರೀ ಅಂತ ನೂರರವರೆಗೆ ರಾಜಧಾನಿ ರೈಲಿನ ಹಾಗೆ ಹೇಳ್ತಾಳೆ, ನಡುವೆ ಸ್ಟಾಪೇ ಇಲ್ಲ. ಮೊನ್ನೆ ನೆಂಟರು ಬಂದಿದ್ರು, ಪಾಯಸಕ್ಕೆ "ಏಳು ಚಮಚ ತಾ ಮಗಾ" ಅಂದೆ. ಒಂದು ಮುಷ್ಟಿ ತಂದಳು. ಎಣಿಸಿದ್ರೆ ಹನ್ನೊಂದು. "ಏಳು ಅಂದದ್ದಲ್ವಾ?" ಅಂದ್ರೆ "ಇದ್ರಲ್ಲಿ ಏಳೂ ಉಂಟು" ಅಂತ ಉತ್ತರ. ತಪ್ಪು ಅಂತ ಹೇಳುವ ಹಾಗೂ ಇಲ್ಲ!

ಆನ್‌ಲೈನಲ್ಲಿ ಒಂದು "ಸೈನ್ಸ್ ಕಿಟ್" ತರಿಸಿದ್ದೆ. ದುಡ್ಡು ಹೇಳಿದ್ರೆ ನೀವು ನಗ್ತೀರಿ. ಅದರ ಬಣ್ಣದ ಪುಡಿಯೆಲ್ಲ ನಮ್ಮ ಮಳೆಗಾಲದ ಥಂಡಿಗೆ ಎರಡೇ ದಿನದಲ್ಲಿ ಗಟ್ಟಿಯಾಗಿ ಹಪ್ಪಳ. ಉಳಿದದ್ದು ಪ್ಲಾಸ್ಟಿಕ್ ಲೋಟ ಮತ್ತು ಒಂದು ಕನ್ನಡಕ. ಇನ್ನು ಕಿಟ್ ಬೇಡ ಅಂತ ತೀರ್ಮಾನ ಆಗಿದೆ. ಮನೆಯಲ್ಲಿ ಇರುವ ಸಾಮಾನಿನಲ್ಲೇ, ಟಿವಿ ಮೊಬೈಲು ಇಲ್ಲದೆ, ಎಂತ ಮಾಡ್ಲಿಕ್ಕೆ ಆಗ್ತದೆ? ಗೊತ್ತಿದ್ದವರು ಹೇಳಿ ಮಾರಾಯ್ರೆ, ಮಂಡೆ ಬಿಸಿಯಾಗಿದೆ.


ಕಟಪಾಡಿ_ಮಲ್ಲಿಗೆ
ಬುಧವಾರ ರಾತ್ರಿ 10:15

ಅಕ್ಕ, ನಮ್ಮಲ್ಲಿ ಮಲ್ಲಿಗೆ ಗಿಡ ಉಂಟು. ನಾನು ಲೆಕ್ಕ ಕಲಿತದ್ದೇ ಶಾಲೆಗೆ ಹೋಗುವ ಮೊದಲು, ಬೆಳಿಗ್ಗೆ ಅಮ್ಮನ ಪಕ್ಕ ಕೂತು ಮೊಗ್ಗು ಎಣಿಸಿ. ಉಡುಪಿ ಮಲ್ಲಿಗೆಯ ಲೆಕ್ಕ ನಿಮಗೆ ಗೊತ್ತಿರಬಹುದು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಅಟ್ಟೆಗೆ 3200. ಯಾರೂ ಒಂದರಿಂದ 3200ರವರೆಗೆ ಎಣಿಸುವುದಿಲ್ಲ, ಬಾಳೆನಾರಿನಲ್ಲಿ ಕಟ್ಟುವಾಗಲೇ ಸಣ್ಣ ಸಣ್ಣ ಗುಂಪು ಮಾಡಿ ಆ ಗುಂಪನ್ನು ಎಣಿಸ್ತಾರೆ. ನನಗೆ ಅಮ್ಮ ಕೊಡ್ತಾ ಇದ್ದ ಕೆಲಸ ಇಷ್ಟೆ: ಹತ್ತು ಮೊಗ್ಗಿನ ಒಂದೊಂದು ಸಾಲು ಮಾಡಿ ಹಾಳೆಯ ಮೇಲೆ ಇಡುವುದು. ಹತ್ತು ಸಾಲು ಆದ್ರೆ ಅಮ್ಮ "ನೂರಾಯ್ತು" ಅಂತ ಬಾಚಿ ತೆಗೆದುಕೊಳ್ಳುವುದು. "ನೂರು" ಅಂದ್ರೆ ಎಷ್ಟು ದೊಡ್ಡದು ಅಂತ ಕಣ್ಣಿಗೆ ಕಂಡದ್ದು ಹಾಗೆ.

ಮಲ್ಲಿಗೆಯೇ ಆಗಬೇಕಂತಿಲ್ಲ. ಹುಣಸೆಬೀಜ ಆದ್ರೂ ಸಾಕು.


ಪಡೀಲ್_ಪ್ರಕಾಶ
ಬುಧವಾರ ರಾತ್ರಿ 10:31

ಹಿಡಿಸೂಡಿ, ಅದೇ ತೆಂಗಿನಗರಿ ಕಡ್ಡಿಯ ಪೊರಕೆ!! ಹಳೇದನ್ನು ಬಿಚ್ಚಿ ಕಡ್ಡಿ ತೊಳೆದು ಒಂದೇ ಉದ್ದಕ್ಕೆ ತುಂಡು ಮಾಡಿ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಎರಡು ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟರೆ ಇಪ್ಪತ್ಮೂರು. ನಮ್ಮ ಹುಡುಗನಿಗೆ 23 ಮತ್ತು 32ರ ವ್ಯತ್ಯಾಸ ಪುಸ್ತಕದಲ್ಲಿ ಒಂದು ತಿಂಗಳು ತಲೆಗೆ ಹೋಗಲಿಲ್ಲ. ಕಡ್ಡಿಯಲ್ಲಿ ಒಂದೇ ಸಂಜೆ. ತುದಿ ಚೂಪಾಗಿರ್ತದೆ, ಅದನ್ನು ಮೊದಲು ಕತ್ತರಿಸಿ ಬಿಸಾಡಿ.


ಟೀಚರಮ್ಮ_ಕಾಪು
ಗುರುವಾರ ಬೆಳಿಗ್ಗೆ 6:40

ನಾನು ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಬಿಜೈ ಅವರೇ, ನಿಮ್ಮ ಮಗಳ ಚಮಚದ ಸಂಗತಿ ನಾನು ಪ್ರತಿ ವರ್ಷ ನೋಡುವುದು, ಹೆದರಬೇಡಿ. ಒನ್ ಟೂ ತ್ರೀ ಅಂತ ನೂರರವರೆಗೆ ಹೇಳುವುದು ಭಜನೆ ಕಲಿತ ಹಾಗೆ. ಅದು ಬೇಕು, ಆದ್ರೆ ಅದು ಎಣಿಕೆ ಅಲ್ಲ. ಎಣಿಕೆಗೆ ಮಗುವಿಗೆ ಬೇರೆ ಎರಡು ಸಂಗತಿ ಗೊತ್ತಾಗಬೇಕು.

ಮೊದಲನೆಯದು, ಒಂದು ವಸ್ತುವಿಗೆ ಒಂದೇ ಹೆಸರು. ಸಣ್ಣ ಮಕ್ಕಳು ಬಾಯಿಯಲ್ಲಿ ಬೇಗ, ಬೆರಳಲ್ಲಿ ನಿಧಾನ. ಹಾಗಾಗಿ ಒಂದೇ ಚಮಚ ಎರಡು ಸಲ ಎಣಿಸಿಹೋಗ್ತದೆ, ಇನ್ನೊಂದು ಬಿಟ್ಟುಹೋಗ್ತದೆ. ಬರೇ ಮುಟ್ಟಿ ಎಣಿಸಿದ್ರೆ ಸಾಲದು, ಎಣಿಸಿದ್ದನ್ನು ಈಚೆ ಬದಿಗೆ ಸರಿಸಬೇಕು. ಎರಡು ತಟ್ಟೆ ಇಡಿ, ಆಚೆಯಿಂದ ಈಚೆಗೆ ಹಾಕ್ತಾ ಎಣಿಸಲಿ.

ಎರಡನೆಯದು, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು. ಪರೀಕ್ಷೆ ಮಾಡಿ ನೋಡಿ: ಐದು ಗೇರುಬೀಜ ಎಣಿಸಲಿಕ್ಕೆ ಹೇಳಿ. "ಒಂದು, ಎರಡು, ಮೂರು, ನಾಲ್ಕು, ಐದು" ಅಂತ ಮುಗಿಸಿದ ಕೂಡಲೇ "ಹಾಗಾದ್ರೆ ಒಟ್ಟು ಎಷ್ಟು?" ಅಂತ ಕೇಳಿ. ಅನೇಕ ಮಕ್ಕಳು ಪುನಃ ಒಂದರಿಂದ ಶುರು ಮಾಡ್ತಾರೆ. ಅಂದ್ರೆ "ಐದು" ಅನ್ನುವುದು ಅವರಿಗೆ ಕೊನೆಯ ಬೀಜದ ಹೆಸರು, ರಾಶಿಯ ಲೆಕ್ಕ ಅಲ್ಲ.

ಇದ್ದದ್ದನ್ನು ಎಣಿಸುವುದಕ್ಕಿಂತ "ಇಷ್ಟು ತಾ" ಅಂದದ್ದನ್ನು ತರುವುದು ಕಷ್ಟ. ಎಲ್ಲಿ ನಿಲ್ಲಬೇಕು ಅಂತ ನೆನಪಿಟ್ಟುಕೊಂಡೇ ಎಣಿಸಬೇಕಲ್ಲ. ಹಾಗಾಗಿ ಏಳರಿಂದ ಶುರು ಮಾಡಬೇಡಿ. ಮೂರು ಚಮಚ ತಾ, ನಾಲ್ಕು ಬಟಾಟೆ ತಾ. ಊಟಕ್ಕೆ ಬಟ್ಟಲು ಇಡುವ ಕೆಲಸ ಅವಳಿಗೇ ಬಿಡಿ: ಅಜ್ಜನಿಗೆ ಒಂದು, ಅಪ್ಪನಿಗೆ ಒಂದು. ಕಮ್ಮಿಯಾದ್ರೆ ನೀವು ಬಾಯಿ ಬಿಡಬೇಡಿ. ಬಟ್ಟಲು ಸಿಗದವರು ಬೊಬ್ಬೆ ಹಾಕ್ತಾರೆ, ಆಗ ಅವಳಿಗೇ ಗೊತ್ತಾಗ್ತದೆ.


ಬಿಜೈ_ಅಮ್ಮ
ಗುರುವಾರ ಬೆಳಿಗ್ಗೆ 8:05

ಟೀಚರ್, ಈಗಷ್ಟೇ ನೋಡಿದೆ. ಐದು ಗೇರುಬೀಜ ಇಟ್ಟು "ಒಟ್ಟು ಎಷ್ಟು" ಅಂತ ಕೇಳಿದೆ. ದೊಡ್ಡವಳು "ಐದು" ಅಂದಳು, ಬಚಾವ್. ಸಣ್ಣವನು ಪುನಃ ಒಂದರಿಂದ ಶುರು ಮಾಡಿದ, ಮೂರನೇ ಸಲ ಕೇಳುವಾಗ ಒಂದು ಬೀಜ ತಿಂದ. ಲೆಕ್ಕ ಅಲ್ಲಿಗೆ ಮುಗಿಯಿತು.

ರಜೆ ಕೊಟ್ಟಾಯ್ತು ಅಂತ ಬೇರೆ ಹೇಳಬೇಕಾ?


ಬೋಳಾರ_ಅಜ್ಜ
ಗುರುವಾರ ಬೆಳಿಗ್ಗೆ 9:20

ಚೆನ್ನೆಮಣೆ, ಆ ಗುಳಿಗಳಿರುವ ಆಟದ ಮಣೆ, ಯಾರ ಮನೆಯ ಅಟ್ಟದಲ್ಲೂ ಇಲ್ಲವಾ ಈಗ? ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ. ಒಟ್ಟು 56. ಒಂದು ಗುಳಿಯಿಂದ ಎಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗುವುದು. ಮೇಲೆ ಟೀಚರ್ ಹೇಳಿದ "ಒಂದಕ್ಕೆ ಒಂದು" ಇದೇ ಅಲ್ಲವಾ? ಆಟಿ ತಿಂಗಳಲ್ಲಿ ಹೊರಗೆ ಕೆಲಸ ಇಲ್ಲ, ಧಾರಾಕಾರ ಮಳೆ, ನಮ್ಮ ಅಜ್ಜಿ ಅಟ್ಟದಿಂದ ಇಳಿಸ್ತಿದ್ರು. ಆಟಿ ಮುಗಿದರೆ ವಾಪಸು ಅಟ್ಟಕ್ಕೆ. ಆಡ್ತಾ ಆಡ್ತಾ ಕೈಯಲ್ಲಿ ಎಷ್ಟು ಕಾಯಿ ಉಂಟು, ಎಲ್ಲಿಗೆ ಹೋಗಿ ಮುಗೀತದೆ ಅಂತ ಮೊದಲೇ ಗೊತ್ತಾಗ್ಲಿಕ್ಕೆ ಶುರುವಾಗ್ತದೆ. ಐದು ವರ್ಷದ ಹುಡುಗಿಗೆ ಪೂರ್ತಿ ನಿಯಮ ಬೇಡ, ಬಿತ್ತುವ ಆಟ ಸಾಕು.

ಮಣೆ ಇಲ್ಲದಿದ್ರೆ ಹದಿನಾಲ್ಕು ತೆಂಗಿನ ಗೆರಟೆ ಸಾಲಾಗಿ ಇಡಿ. ಕಾಯಿಗೆ ಗುಲಗಂಜಿ ಆಗಬಹುದು.


ಟೀಚರಮ್ಮ_ಕಾಪು
ಗುರುವಾರ ಬೆಳಿಗ್ಗೆ 9:34

ಅಜ್ಜ, ಕ್ಷಮಿಸಿ, ಗುಲಗಂಜಿ ಬೇಡವೇ ಬೇಡ. ಕೆಂಪು ಬೀಜದ ತುದಿಯಲ್ಲಿ ಕಪ್ಪು ಚುಕ್ಕೆ ಇರ್ತದಲ್ಲ, ಅದು ವಿಷ. ಮಗು ಜಗಿದು ನುಂಗಿದ್ರೆ ಜೀವಕ್ಕೇ ಅಪಾಯ. ಚೆನ್ನೆಗೆ ಹಾಕ್ತಿದ್ದದ್ದು ಮಂಜೊಟ್ಟಿ, ಪೂರ್ತಿ ಕೆಂಪು, ಸ್ವಲ್ಪ ದೊಡ್ಡದು, ಕಪ್ಪು ಇಲ್ಲ. ಆದರೂ ಮೂರು ವರ್ಷದವನು ಇರುವ ಮನೆಯಲ್ಲಿ ಯಾವ ಸಣ್ಣ ಬೀಜವೂ ಬೇಡ. ಬಾಯಿಗೆ, ಮೂಗಿಗೆ ಹಾಕಿಕೊಳ್ತಾರೆ. ದೊಡ್ಡ ಗುಂಡಿ, ಬಾಟ್ಲಿ ಮುಚ್ಚಳ ಸಾಕು.


ಬೋಳಾರ_ಅಜ್ಜ
ಗುರುವಾರ ಬೆಳಿಗ್ಗೆ 9:50

ಸರಿಯಮ್ಮ. ನಮ್ಮ ಕಾಲದಲ್ಲಿ ಎರಡೂ ಕೈಗೆ ಸಿಗ್ತಿತ್ತು, ಅಜ್ಜಿಯ ಕಣ್ಣು ಮಾತ್ರ ನಮ್ಮ ಮೇಲೇ ಇರ್ತಿತ್ತು. ಮಂಜೊಟ್ಟಿ ಅಂತಲೇ ಓದಿಕೊಳ್ಳಿ ಎಲ್ಲರೂ.


ಕೊಡಿಯಾಲ್_ರೀಟಾ
ಗುರುವಾರ ಬೆಳಿಗ್ಗೆ 11:02

ನನ್ನದೊಂದು ಪ್ರಶ್ನೆ. ಯಾವ ಭಾಷೆಯಲ್ಲಿ ಎಣಿಸಲಿಕ್ಕೆ ಕಲಿಸುವುದು? ಮನೆಯಲ್ಲಿ ಕೊಂಕಣಿ, ಕೆಲಸದವರ ಹತ್ತಿರ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್. ಮಗ ಏಕ್, ರಡ್ಡ್, ಮೂರು, ಫೋರ್ ಅಂತ ಎಣಿಸ್ತಾನೆ. ಶಾಲೆಯಲ್ಲಿ ಒಂದೇ ಭಾಷೆಯಲ್ಲಿ ಮಾತಾಡಿ ಅಂತ ಹೇಳಿ ಕಳಿಸಿದ್ರು.


ಪಡೀಲ್_ಪ್ರಕಾಶ
ಗುರುವಾರ ಬೆಳಿಗ್ಗೆ 11:10

ಅವನು ನಾಲ್ಕಕ್ಕೆ ಸರಿಯಾಗಿಯೇ ತಲುಪಿದ್ದಾನಲ್ಲ 😄 ಪಾಸ್.


ಟೀಚರಮ್ಮ_ಕಾಪು
ಗುರುವಾರ ಮಧ್ಯಾಹ್ನ 1:15

ನಗುವುದಲ್ಲ, ಪ್ರಕಾಶಣ್ಣ ಹೇಳಿದ್ದು ಸರಿ. ಎಣಿಕೆ ಗೊತ್ತಾದ ಮೇಲೆ ಹೆಸರು ಯಾವುದಾದ್ರೂ ಆಗ್ತದೆ. ಮನೆಯಲ್ಲಿ ಮಗು ಕನಸು ಕಾಣುವ ಭಾಷೆಯಲ್ಲೇ ಶುರು ಮಾಡಿ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಥರ್ಟೀನ್, ಥರ್ಟಿ ಎರಡೂ ಮಕ್ಕಳ ಕಿವಿಗೆ ಒಂದೇ. ಕನ್ನಡದಲ್ಲಿ ಹದಿಮೂರು, ಮೂವತ್ತು ಬೇರೆ ಬೇರೆ ಕೇಳ್ತದೆ, ಮತ್ತೆ ಇಪ್ಪತ್ತೊಂದು ಅಂದ್ರೆ ಇಪ್ಪತ್ತು ಮತ್ತು ಒಂದು ಅಂತ ಮಾತಿನಲ್ಲೇ ಬಿಚ್ಚಿಟ್ಟಿದೆ. ತುಳುವಿನಲ್ಲಿ ಪತ್ತ್ ಆದ ಮೇಲೆ ಪತ್ತೊಂಜಿ, ಹತ್ತೂ ಒಂದೂ. ಕೊಂಕಣಿಯ ಏಕುಣೀಸ್ ಅಂದ್ರೆ ಇಪ್ಪತ್ತಕ್ಕೆ ಒಂದು ಕಮ್ಮಿ, ಅದರಲ್ಲಿ ಕಳೆಯುವ ಲೆಕ್ಕವೇ ಉಂಟು. ನಾಲ್ಕು ಭಾಷೆ ಗೊತ್ತಿರುವ ಮಗುವಿಗೆ ಇದು ಆಟ, ಹೊರೆ ಅಲ್ಲ.


ಸುರತ್ಕಲ್_ಎಸ್
ಗುರುವಾರ ಮಧ್ಯಾಹ್ನ 2:40

ನನಗೊಂದು ಅರ್ಥ ಆಗುವುದಿಲ್ಲ. ನಾವೆಲ್ಲ ಈ ಆಕ್ಟಿವಿಟಿ ಗೀಕ್ಟಿವಿಟಿ ಇಲ್ಲದೆ ಬೆಳೆದವರಲ್ವಾ? ಮಳೆ ಬಂದ್ರೆ ಗದ್ದೆ ಬದಿಯಲ್ಲಿ ಕಾಗದದ ದೋಣಿ ಬಿಟ್ಟೆವು, ಅಷ್ಟೆ. ಈಗ ಅಪ್ಪ ಅಮ್ಮ ಮನೆಯನ್ನೂ ಶಾಲೆ ಮಾಡಿಟ್ಟಿದ್ದಾರೆ.


ಕಟಪಾಡಿ_ಮಲ್ಲಿಗೆ
ಗುರುವಾರ ಮಧ್ಯಾಹ್ನ 3:05

ಅಣ್ಣ, ಆ ದೋಣಿಯೇ ಆಕ್ಟಿವಿಟಿ 🙂 ಹೆಸರು ಮಾತ್ರ ಈಗಿನದ್ದು. ನಮ್ಮ ಅಜ್ಜ ತೆಂಗಿನಕಾಯಿ ಎಣಿಸುವಾಗ ನೂರು ಆದ ಕೂಡಲೇ ಒಂದು ಕಾಯಿ ಪಕ್ಕಕ್ಕೆ ಇಡ್ತಿದ್ರು, ಕೊನೆಗೆ ಪಕ್ಕದ ಕಾಯಿ ಎಣಿಸಿದ್ರೆ ಎಷ್ಟು ನೂರು ಅಂತ ಗೊತ್ತು. ಆ ಪಕ್ಕದ ಕಾಯಿ ಕಾಯುವ ಕೆಲಸ ನನ್ನದು. ಭತ್ತ ಅಳೆಯುವಾಗ "ಒಂದು" ಅಂತ ಹೇಳ್ತಿರಲಿಲ್ಲ, "ಲಾಭ" ಅಂತ ಶುರು. ಲಾಭ, ಎರಡು, ಮೂರು. ಒಂದನೇ ಕ್ಲಾಸಿನಲ್ಲಿ ಟೀಚರ್ ಎಣಿಸು ಅಂದಾಗ ನಾನು ಲಾಭದಿಂದ ಶುರು ಮಾಡಿ ಇಡೀ ಕ್ಲಾಸು ನಕ್ಕದ್ದು ಈಗಲೂ ನೆನಪುಂಟು.

ಈಗ ಮನೆಯಲ್ಲಿ ಅಜ್ಜನೂ ಇಲ್ಲ, ಭತ್ತವೂ ಇಲ್ಲ. ಹಾಗಾಗಿ ಮಾಡಿಸಬೇಕಾಗಿ ಬಂದಿದೆ ಅಷ್ಟೆ.


ಮಣಿಪಾಲ್_ಮಾಮ್
ಗುರುವಾರ ಸಂಜೆ 5:30

ಎಣಿಕೆ ತುಂಬ ಆಯ್ತು, ವಿಜ್ಞಾನಕ್ಕೆ ಬರುವ. ಉಡುಪಿಯವರಿಗೆ ಪ್ರಯೋಗಶಾಲೆ ಅಡುಗೆಮನೆಯಲ್ಲೇ ಉಂಟು: ದೋಸೆ ಹಿಟ್ಟು.

ನಾವು ಮಾಡಿದ್ದು ಹೀಗೆ. ಸಂಜೆ ಉದ್ದಿನ ದೋಸೆಗೆ ಕಡೆದ ಹಿಟ್ಟನ್ನು ಒಂದೇ ನಮೂನೆಯ ಮೂರು ಗಾಜಿನ ಲೋಟಕ್ಕೆ ಅರ್ಧರ್ಧ ಹಾಕಿದೆವು. ಹಿಟ್ಟು ಎಲ್ಲಿಯವರೆಗೆ ಉಂಟೋ ಅಲ್ಲಿಗೆ ಸರಿಯಾಗಿ ಹೊರಗೆ ರಬ್ಬರ್ ಬ್ಯಾಂಡ್. ಒಂದು ಫ್ರಿಜ್ಜಿಗೆ, ಒಂದು ಕಿಟಕಿ ಹತ್ತಿರ, ಒಂದು ಬಿಸಿನೀರಿನ ಹಂಡೆಯ ಪಕ್ಕ. ಮಲಗುವ ಮೊದಲು ಮಗಳ ಹತ್ತಿರ ಕೇಳಿದೆ, ಯಾವುದು ಜಾಸ್ತಿ ಮೇಲೆ ಬರ್ತದೆ? ಅವಳು ಫ್ರಿಜ್ಜು ಅಂದಳು, ಕಾರಣ "ಅಲ್ಲಿ ಲೈಟ್ ಉಂಟು". ನಾನು ತಿದ್ದಲಿಲ್ಲ. ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿದೆ.

ಬೆಳಿಗ್ಗೆ ಎದ್ದವಳು ಹಲ್ಲುಜ್ಜುವ ಮೊದಲು ಅಡುಗೆಮನೆಗೆ ಓಡಿದ್ದು. ಹಂಡೆ ಪಕ್ಕದ್ದು ಲೋಟದ ಕಂಠದವರೆಗೆ ಬಂದಿತ್ತು, ಕಿಟಕಿಯದ್ದು ಎರಡು ಬೆರಳು, ಫ್ರಿಜ್ಜಿನದ್ದು ಇದ್ದಲ್ಲೇ ಇತ್ತು. ಲೋಟದ ಗಾಜಿಗೆ ಕಣ್ಣಿಟ್ಟು ನೋಡಿದ್ರೆ ಹಿಟ್ಟಿನೊಳಗೆ ಸಣ್ಣ ಸಣ್ಣ ತೂತು. "ಇದ್ರ ಒಳಗೆ ಯಾರು ಊದಿದ್ದು?" ಅಂತ ಕೇಳಿದಳು. ಇದಕ್ಕಿಂತ ಒಳ್ಳೆ ಪ್ರಶ್ನೆ ನನಗೆ ಕೇಳ್ಲಿಕ್ಕೆ ಬರ್ತಿರಲಿಲ್ಲ. ಅಕ್ಕಿ, ಉದ್ದಿನ ಜೊತೆಗೇ ಬರುವ ಸೂಕ್ಷ್ಮಜೀವಿಗಳು ಹಿಟ್ಟು ತಿಂದು ಗಾಳಿ ಬಿಡ್ತವೆ, ಅದು ಇಂಗಾಲದ ಡೈಆಕ್ಸೈಡ್. ಉದ್ದಿನ ಅಂಟು ಆ ಗಾಳಿಯನ್ನು ಹೊರಗೆ ಬಿಡದೆ ಹಿಡಿದಿಡ್ತದೆ. ಚಳಿಯಲ್ಲಿ ಅವುಗಳ ಕೆಲಸ ನಿಧಾನ. ಮಳೆಗಾಲದಲ್ಲಿ ಹಿಟ್ಟು ಹುಳಿ ಬರಲಿಲ್ಲ ಅಂತ ನಾವು ಗೊಣಗುವುದು ಇದಕ್ಕೇ.

ಮರುದಿನ ನೀರ್‌ದೋಸೆ ಹಿಟ್ಟು ಇಟ್ಟೆವು. ಅದು ಮೇಲೆ ಬರುವ ಬದಲು ಕೆಳಗೆ ಕೂತಿತು: ಅಡಿಯಲ್ಲಿ ಬೆಳ್ಳಗೆ ಅಕ್ಕಿ, ಮೇಲೆ ತಿಳಿನೀರು. "ಅದಕ್ಕೇ ನೀನು ಪ್ರತಿ ಸಲ ಸೌಟು ಹಾಕಿ ಕಲಕುವುದಾ?" ಅಂತ ಅವಳೇ ಹೇಳಿದಳು. ನಾನು ಹದಿನೈದು ವರ್ಷದಿಂದ ಕಲಕ್ತಾ ಇದ್ದೇನೆ, ಯಾಕೆ ಅಂತ ಯೋಚನೆ ಮಾಡಿದವಳೇ ಅಲ್ಲ.


ಬಿಜೈ_ಅಮ್ಮ
ಗುರುವಾರ ಸಂಜೆ 6:12

ಭಾರಿ ಲಾಯ್ಕ ಉಂಟು ಇದು! ಇವತ್ತೇ ಉದ್ದು ನೆನೆಹಾಕ್ತೇನೆ.


ಉರ್ವ_ವಿನಯ
ಗುರುವಾರ ರಾತ್ರಿ 8:45

ಮಳೆಯಲ್ಲೇ ಕೂತು ಮಳೆಯನ್ನೇ ಬಿಟ್ಟಿದ್ದೀರಲ್ಲ ಎಲ್ಲರೂ! ಮಳೆ ಅಳೆಯಿರಿ ಮಾರಾಯ್ರೆ. ನಾನೂ ಮಗನೂ ಕಳೆದ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳೆದೆವು, ಹತ್ತು ದಿನ ತಪ್ಪಿರಬಹುದು.

ಎರಡು ಲೀಟರಿನ ಸೋಡಾ ಬಾಟ್ಲಿ, ಗೋಡೆ ನೇರ ಇರುವಂಥದ್ದು. ಭುಜದ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ಮುಚ್ಚಳ ತೆಗೆದು ಬೋರಲು ಹಾಕಿ ಒಳಗೆ ಕೂರಿಸಿದ್ರೆ ಆಲಿಕೆ. ಅಡಿಭಾಗ ಉಬ್ಬುತಗ್ಗು ಇರ್ತದೆ, ಹಾಗಾಗಿ ಸಣ್ಣ ಕಲ್ಲು ತುಂಬಿಸಿ, ಗೋಡೆ ನೇರವಾಗುವಲ್ಲಿವರೆಗೆ ನೀರು ಹೊಯ್ದು, ಅಲ್ಲಿ ಸೊನ್ನೆಯ ಗೆರೆ. ಅಲ್ಲಿಂದ ಮೇಲೆ ಸ್ಕೇಲು ಅಂಟಿಸಿ. ಕಲ್ಲು ಹಾಕಿದ್ರೆ ಗಾಳಿಗೆ ಬೀಳುವುದೂ ಇಲ್ಲ. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8:30ಕ್ಕೆ ನೋಡುವುದು, ನಾವೂ ಅದೇ ಹೊತ್ತಿಗೆ ನೋಡಿದೆವು, ಬರೆದೆವು, ಸೊನ್ನೆಯವರೆಗೆ ಚೆಲ್ಲಿದೆವು.

ಮೊದಲ ದಿನ ನಮ್ಮಲ್ಲಿ 170 ಮಿಲಿಮೀಟರ್! ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ. ಮರುದಿನ ಪೇಪರಿನಲ್ಲಿ ನೋಡಿದ್ರೆ ಊರಿಗೆಲ್ಲ ಅದರ ಕಾಲುಭಾಗ. ಮಗನೇ ಕಂಡುಹಿಡಿದದ್ದು: ಬಾಟ್ಲಿ ಇಟ್ಟದ್ದು ಹಂಚಿನ ಮಾಡಿನ ಅಂಚಿಗೆ, ಸೂರಿನ ನೀರೆಲ್ಲ ಅದಕ್ಕೇ ಬೀಳ್ತಾ ಇತ್ತು. ಮರ, ಮಾಡು, ಗೋಡೆ ಯಾವುದೂ ಹತ್ತಿರ ಇರದ ಜಾಗದಲ್ಲಿ ಇಡಿ. ಅಪಾರ್ಟ್‌ಮೆಂಟ್ ಆದ್ರೆ ಟೆರೇಸಿನ ನಡುವೆ.

ಆಮೇಲೆ ಟಿವಿಯಲ್ಲಿ ಹೇಳುವುದಕ್ಕೂ ಬಾಟ್ಲಿಗೂ ಸಂಬಂಧ ಬಂತು. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದ್ರೆ "ಭಾರಿ ಮಳೆ", 115.6ರಿಂದ 204.4ರವರೆಗೆ "ಅತಿ ಭಾರಿ", ಅದಕ್ಕಿಂತ ಮೇಲೆ ಹೋದ್ರೆ ಅದರ ಮೇಲಿನ ದರ್ಜೆ, ರೆಡ್ ಅಲರ್ಟಿನದ್ದು. ನಾವು ಬಾಟ್ಲಿಯ ಮೇಲೆ ಹಳದಿ, ಕಿತ್ತಳೆ, ಕೆಂಪು ಟೇಪ್ ಸುತ್ತಿದೆವು. ಕೆಂಪು ಟೇಪ್ ಸುತ್ತಲಿಕ್ಕೆ ಬಾಟ್ಲಿಯೇ ಸಾಲಲಿಲ್ಲ ಅನ್ನುವುದು ಬೇರೆ ಮಾತು.

ಬರೆಯಲಿಕ್ಕೆ ಬಾರದ ಮಕ್ಕಳಿಗೆ: ಬಾಟ್ಲಿಯಲ್ಲಿ ನೀರು ಎಷ್ಟೆತ್ತರ ಉಂಟೋ ಅಷ್ಟೇ ಉದ್ದದ ನೀಲಿ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಮರುದಿನದ್ದು. ತಿಂಗಳು ಕಳೆಯುವಾಗ ಗೋಡೆಯೇ ಗ್ರಾಫ್. ಕಡಿಮೆ ಮಳೆ ಬಂದ ದಿನ "ಪಾಪ, ಸಣ್ಣ ದಿನ" ಅಂತಿದ್ದ ನಮ್ಮ ಹುಡುಗ.

ದೊಡ್ಡ ಮಕ್ಕಳಿದ್ದರೆ ಇನ್ನೊಂದು ಲೆಕ್ಕ ಕೊಡಿ: ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್. 100 ಚದರ ಮೀಟರಿನ ಮಾಡಿನ ಮೇಲೆ 100 ಮಿ.ಮೀ. ಬಿದ್ದರೆ ಹತ್ತು ಸಾವಿರ ಲೀಟರ್. ಸಾವಿರ ಲೀಟರಿನ ಟ್ಯಾಂಕಿ ಹತ್ತು. ಅಷ್ಟು ನೀರು ಚರಂಡಿಗೆ ಬಿಟ್ಟು ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನ್ ಮಾಡ್ತೇವೆ ನಾವು.


ಕೊಡಿಯಾಲ್_ರೀಟಾ
ಗುರುವಾರ ರಾತ್ರಿ 9:20

ಸೊಳ್ಳೆ ಆಗುವುದಿಲ್ಲವಾ?


ಉರ್ವ_ವಿನಯ
ಗುರುವಾರ ರಾತ್ರಿ 9:26

ಸೊನ್ನೆಯ ಗೆರೆಯ ಕೆಳಗಿನ ನೀರು ಉಳೀತದೆ, ಅದು ನಿಜ. ಎರಡು ದಿನಕ್ಕೊಮ್ಮೆ ಅದನ್ನೂ ಚೆಲ್ಲಿ ಹೊಸತು ಹಾಕಿ. ನಮ್ಮಲ್ಲಿ ಡೆಂಗೆ ಇಲ್ಲದ ವರ್ಷ ಇಲ್ಲ.


ಮಲ್ಪೆ_ಬೈಲು
ಶುಕ್ರವಾರ ಬೆಳಿಗ್ಗೆ 7:18

ನಮ್ಮದು ಮೀನಿನ ಮನೆ, ಸಸ್ಯಾಹಾರಿಗಳು ಇದನ್ನು ದಾಟಿ ಹೋಗಿ. ಮರುವಾಯಿ, ಅಂದ್ರೆ ಚಿಪ್ಪುಮೀನು, ತಂದ ದಿನ ಚಿಪ್ಪು ಬಿಸಾಡಬೇಡಿ. ತೊಳೆದು ಮಕ್ಕಳಿಗೆ ಕೊಡಿ. ಒಂದು ಮರುವಾಯಿಗೆ ಎರಡು ಚಿಪ್ಪು, ಎಡದ್ದು ಬಲದ್ದು. ಜೋಡಿ ಹುಡುಕಿ ಅಂದ್ರೆ ಒಂದು ಗಂಟೆ ಮನೆಯಲ್ಲಿ ಶಬ್ದವೇ ಇಲ್ಲ. ಎರಡು, ನಾಲ್ಕು, ಆರು ಅಂತ ಎಣಿಸುವುದೂ ತನ್ನಷ್ಟಕ್ಕೆ ಬರ್ತದೆ. ನಮ್ಮವಳು ಮೊನ್ನೆ 37 ಚಿಪ್ಪು ಎಣಿಸಿ "ಒಂದು ಯಾರೋ ಕದ್ದಿದ್ದಾರೆ" ಅಂತ ತೀರ್ಪು ಕೊಟ್ಟಳು. ಬೆಸ ಸಂಖ್ಯೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಳೆ ನಿಂತ ಮೇಲೆ, ದೋಣಿ ಬಿಡ್ಲಿಕ್ಕೆ ಶುರು ಮಾಡಿದಾಗ, ಸೈಂಟ್ ಮೇರೀಸ್ ದ್ವೀಪಕ್ಕೆ ಕರ್ಕೊಂಡು ಹೋಗಿ. ಎಲ್ಲರೂ ಅಲ್ಲಿ ಫೋಟೋ ತೆಗೆದು ಬರ್ತಾರೆ. ಮಕ್ಕಳಿಗೆ ಒಂದೇ ಕೆಲಸ ಕೊಡಿ: ಕಲ್ಲಿನ ಕಂಬದ ತಲೆಗೆ ಎಷ್ಟು ಬದಿ ಉಂಟು ಎಣಿಸಿ. ಆರು ಸಿಗ್ತದೆ, ಐದು ಸಿಗ್ತದೆ, ಏಳೂ ಸಿಗಬಹುದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿದ್ದದ್ದು ಬಿಟ್ಟು ಹೋಗುವ ಸಮಯ, ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆದ ಕಂಬಗಳು ಅವು. ಬೇಸಗೆಯಲ್ಲಿ ಒಣಗಿದ ಗದ್ದೆಯ ಕೆಸರು ಬಿರುಕು ಬಿಡ್ತದಲ್ಲ, ಅದರ ಫೋಟೋ ಪಕ್ಕದಲ್ಲಿಟ್ಟು ತೋರಿಸಿ.


ಹೆಸರು_ಬೇಡ
ಶುಕ್ರವಾರ ಬೆಳಿಗ್ಗೆ 10:30

ಎಲ್ಲರ ಮಕ್ಕಳೂ ಇಷ್ಟು ಚಂದ ಪ್ರಶ್ನೆ ಕೇಳ್ತಾರೆ, ಓದಿದ್ರೆ ಹೊಟ್ಟೆಕಿಚ್ಚಾಗ್ತದೆ. ನನ್ನ ಮಗ ನಾಲ್ಕು ವರ್ಷ. ಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದು ತೋರಿಸಿದೆ, ನೋಡಿದ, "ಆಯ್ತು" ಅಂದ, ಹೋದ. ಬಣ್ಣ ಕಲಸಿ ತೋರಿಸಿದೆ, ಎಲ್ಲ ಒಟ್ಟಿಗೆ ಚೆಲ್ಲಿದ. ನಾನೇ ಸರಿಯಾಗಿ ಮಾಡ್ತಾ ಇಲ್ಲವಾ?


ಟೀಚರಮ್ಮ_ಕಾಪು
ಶುಕ್ರವಾರ ಮಧ್ಯಾಹ್ನ 1:40

ಅಮ್ಮಾ, ನೀವು ತೋರಿಸಿದ್ರಿ, ಅವನು ನೋಡಿದ. ಅಷ್ಟೇ ಆದದ್ದು. ಮ್ಯಾಜಿಕ್ ಶೋ ಯಾರಿಗಾದ್ರೂ ಎರಡು ನಿಮಿಷ. ಉಪ್ಪಿನ ಡಬ್ಬಿ, ಚಮಚ ಅವನ ಕೈಗೆ ಕೊಟ್ಟು, ಲೋಟದಲ್ಲಿ ಮೊಟ್ಟೆ ಮುಳುಗಿಸಿ, "ಎಷ್ಟು ಚಮಚ ಹಾಕಿದ್ರೆ ಇದು ಮೇಲೆ ಬರಬಹುದು?" ಅಂತ ಕೇಳಿ ಸುಮ್ಮನೆ ಕೂತುಬಿಡಿ. ಅವನು ನೂರು ಅನ್ನಬಹುದು. ಅನ್ನಲಿ. ಒಂದೊಂದು ಚಮಚ ಹಾಕಿ ಕಲಕಿ ಎಣಿಸಲಿ. ಊಹೆ ಅವನದ್ದಾದ ಮೇಲೆ ಕಾಯುವುದೂ ಅವನದ್ದೇ.

ಮತ್ತೆ ಚೆಲ್ಲುವುದೂ ಪ್ರಯೋಗವೇ. ಬಚ್ಚಲಲ್ಲಿ ಒಂದು ಬಕೆಟ್, ಅಳೆಯುವ ಒಂದು ಸಣ್ಣ ಕುಡ್ತೆ, ಉದ್ದ ಲೋಟ, ಅಗಲ ಬಟ್ಟಲು ಕೊಟ್ಟು ಬಿಟ್ಟುಬಿಡಿ. ಉದ್ದ ಲೋಟಕ್ಕೂ ಅಗಲ ಬಟ್ಟಲಿಗೂ ಕುಡ್ತೆಯಲ್ಲಿ ಒಂದೊಂದು ಸಲ ಹಾಕಿ ಯಾವುದರಲ್ಲಿ ಜಾಸ್ತಿ ಅಂತ ಕೇಳಿದ್ರೆ ನಾಲ್ಕು ವರ್ಷದವರು ಹೆಚ್ಚಾಗಿ ಉದ್ದ ಲೋಟ ಅಂತಾರೆ. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬವರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ, ನಮ್ಮ ತರಬೇತಿಯಲ್ಲಿ ಹೇಳ್ತಾರೆ. ಬೈದು ತಿದ್ದಿದ್ರೆ ಪ್ರಯೋಜನ ಇಲ್ಲ, ಆರೇಳು ವರ್ಷಕ್ಕೆ ತನ್ನಿಂದ ತಾನೇ ಸರಿಯಾಗ್ತದೆ. ನೀರಾಟ ಆಡಿದಷ್ಟು ಒಳ್ಳೆಯದು. ಬಕೆಟ್ ಹತ್ತಿರ ಒಬ್ಬರು ಮಾತ್ರ ಇರಲೇಬೇಕು.


ಮಣಿಪಾಲ್_ಮಾಮ್
ಶುಕ್ರವಾರ ಮಧ್ಯಾಹ್ನ 3:10

ಚೆಲ್ಲುವ ಹುಡುಗನಿಗೆ ಅರಸಿನ ಕೊಡಿ! ಅರಸಿನ ನೀರು ಕಾಗದಕ್ಕೆ ಬಳಿದು ಒಣಗಿಸಿ, ಸಾಬೂನು ನೀರಿನಲ್ಲಿ ಬೆರಳು ಅದ್ದಿ ಚಿತ್ರ ಬಿಡಿಸಲಿ. ಹಳದಿ ಮೇಲೆ ಕೆಂಪು ಬರ್ತದೆ. ಲಿಂಬೆರಸ ಹಾಕಿದ್ರೆ ಪುನಃ ಹಳದಿ. ಆರತಿಯ ಕುರ್ದಿ ನೀರು ಕೆಂಪಾಗುವುದು ಇದೇ ಕಾರಣಕ್ಕೆ, ಅರಸಿನಕ್ಕೆ ಸುಣ್ಣ ಸೇರಿದ್ದು. ಆದ್ರೆ ಸುಣ್ಣ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಹೋದ್ರೆ ಕಷ್ಟ. ಕೆಂಪು ದಾಸವಾಳದ ಎಸಳು ಬಿಸಿನೀರಿಗೆ ಹಾಕಿದ್ರೂ ಆಗ್ತದೆ: ಲಿಂಬೆಗೆ ಗುಲಾಬಿ, ಅಡುಗೆ ಸೋಡಾಕ್ಕೆ ಹಸಿರು. ಹಳೇ ಅಂಗಿ ಹಾಕಿಸಿ ಕೂರಿಸಿ, ನನ್ನ ಬಿಳಿ ಪರದೆ ಹೋಯ್ತು.


ಪಡೀಲ್_ಪ್ರಕಾಶ
ಶುಕ್ರವಾರ ಸಂಜೆ 6:55

ಈಗಷ್ಟೇ ಕರೆಂಟು ಹೋಗಿ ಬಂತು. ಮಿಂಚಿದ ಕೂಡಲೇ ಎಣಿಸಲಿಕ್ಕೆ ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಬೆಳಕು ತಕ್ಷಣ ಬರ್ತದೆ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಮಕ್ಕಳು ಗಡಿಬಿಡಿಯಲ್ಲಿ ಎಣಿಸ್ತಾರೆ, ಅದಕ್ಕೆ ನಮ್ಮಲ್ಲಿ "ಒಂದು ಬಂಗುಡೆಮೀನು, ಎರಡು ಬಂಗುಡೆಮೀನು" ಅಂತ ಎಣಿಸುವುದು, ಹೆಚ್ಚುಕಮ್ಮಿ ಒಂದೊಂದು ಸೆಕೆಂಡು ಆಗ್ತದೆ. ಇವತ್ತು ಒಂಬತ್ತು ಬಂಗುಡೆ, ಅಂದ್ರೆ ಮೂರು ಕಿಲೋಮೀಟರ್. ಗುಡುಗಿಗೆ ಹೆದರಿ ಹಾಸಿಗೆಯೊಳಗೆ ಹೊಕ್ಕುವವನು ಈಗ ಕಿಟಕಿಯಿಂದ ಏಳುವುದಿಲ್ಲ. ಕಿಟಕಿ ಹಾಕಿಯೇ ಇರಲಿ, ಟೆರೇಸು ಅಂಗಳ ಬೇಡ.


ಸುರತ್ಕಲ್_ಎಸ್
ಶನಿವಾರ ಬೆಳಿಗ್ಗೆ 9:00

ಮೊನ್ನೆ ಬೈದವನೇ ನಾನು. ನಿನ್ನೆ ಮಗಳೊಟ್ಟಿಗೆ ಬಂಗುಡೆ ಎಣಿಸಿದೆ. ಹೇಳಿದೆ ಅಷ್ಟೆ.

ಒಂದು ನನ್ನದೂ ಸೇರಿಸ್ತೇನೆ. ನಮ್ಮ ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಆಸುಪಾಸು, ಸೂರ್ಯ ಸರಿಯಾಗಿ ನೆತ್ತಿಗೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಬಾಟ್ಲಿಗೆ ಆಗ ಒಂದು ಗಳಿಗೆ ನೆರಳೇ ಇಲ್ಲ. ಹನ್ನೆರಡು ಗಂಟೆಗೆ ನೋಡಬೇಡಿ, ಹನ್ನೆರಡೂವರೆ ಹೊತ್ತಿಗೆ ನೋಡಿ. ನಮ್ಮ ಗಡಿಯಾರ ಇರುವುದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರುವುದು 75ರ ಹತ್ತಿರ, ಡಿಗ್ರಿಗೆ ನಾಲ್ಕು ನಿಮಿಷ ತಡ. ಆಗಸ್ಟಿನದ್ದಕ್ಕೆ ಮೋಡ ಬಿಟ್ಟುಕೊಡಬೇಕು, ಅದು ನಮ್ಮ ಕೈಯಲ್ಲಿಲ್ಲ. ಈ ವಿಷಯದ ಹುಚ್ಚು ಹಿಡಿದ ಮಕ್ಕಳಿದ್ದರೆ ಮಂಗಳೂರು ಹತ್ತಿರದ ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯ ಒಮ್ಮೆ ತೋರಿಸಿ.


ಬಿಜೈ_ಅಮ್ಮ
ಎರಡು ವಾರದ ನಂತರ, ಭಾನುವಾರ ರಾತ್ರಿ 9:15

ಎಲ್ಲರಿಗೂ ವರದಿ ಒಪ್ಪಿಸ್ಲಿಕ್ಕೆ ಬಂದೆ.

ದೋಸೆ ಹಿಟ್ಟು ಮಾಡಿದೆವು. ಮೂರು ಲೋಟದ ಹಿಟ್ಟಿಗೆ ಮೂರು ರುಚಿಯ ಒಂದೊಂದು ದೋಸೆ ಅಂತ ಹೊಸ ಪ್ರಯೋಗ ಅವಳದ್ದೇ. ಫ್ರಿಜ್ಜಿನದ್ದು ಅವರ ಅಪ್ಪನಿಗೆ ಬಂತು. ಗೆರಟೆ ಚೆನ್ನೆ ಸಣ್ಣವನ ಕೈಯಲ್ಲಿ ಡೋಲು ಆಗಿದೆ, ಅದು ಬಿಡಿ. ಬಟ್ಟಲು ಇಡುವ ಕೆಲಸ ಮಾತ್ರ ಅವನೇ ಮಾಡುವುದು. ಮೊನ್ನೆ ಒಂದು ಕಮ್ಮಿ ಇಟ್ಟು, ಎಲ್ಲರ ಮುಖ ನೋಡಿ, "ಅಜ್ಜಿ ಬಾಕಿ" ಅಂತ ಓಡಿದ.

ಬಾಟ್ಲಿ ಟೆರೇಸಿನಲ್ಲಿ ಉಂಟು, ಗೋಡೆಯಲ್ಲಿ ಹದಿಮೂರು ನೀಲಿ ಪಟ್ಟಿ. ಮೊನ್ನೆ ಗುರುವಾರ ಬೆಳಿಗ್ಗೆ ನೋಡಿದ್ರೆ ಬಾಟ್ಲಿ ತುಂಬಿ ಹೊರಗೆ ಹರೀತಾ ಉಂಟು. ಎಷ್ಟು ಅಂತ ಅಳೆಯುವುದು? ನಾನು "ಇವತ್ತಿನದ್ದು ಬಿಟ್ಟುಬಿಡು" ಅಂದೆ. ಅವಳು ಒಪ್ಪಲಿಲ್ಲ. ಬಾಟ್ಲಿಯ ಪೂರ್ತಿ ಉದ್ದಕ್ಕೆ ಪಟ್ಟಿ ಕತ್ತರಿಸಿ ಅಂಟಿಸಿ, ತುದಿಯಲ್ಲಿ ಮೇಲೆ ಮುಖ ಮಾಡಿದ ಒಂದು ಬಾಣ ಬಿಡಿಸಿದಳು. ಎಂತ ಮಗಾ ಅದು ಅಂದ್ರೆ, "ಇಷ್ಟು ಗೊತ್ತು, ಮತ್ತೆ ಜಾಸ್ತಿ ಉಂಟು, ಎಷ್ಟು ಅಂತ ಬಾಟ್ಲಿಗೆ ಗೊತ್ತಿಲ್ಲ" ಅಂದಳು.

ವಿನಯಣ್ಣ, ಇದು ಸರಿಯಾ?


ಉರ್ವ_ವಿನಯ
ಭಾನುವಾರ ರಾತ್ರಿ 9:31

ಅದಕ್ಕಿಂತ ಸರಿ ಬರೀಲಿಕ್ಕೆ ನನಗೆ ಗೊತ್ತಿಲ್ಲ. ನಾವು ಆ ದಿನ "ತುಂಬಿತು" ಅಂತ ಮಾತ್ರ ಬರೆದಿದ್ದು. ಮುಂದೆ ರಾತ್ರಿ ಮಲಗುವ ಮೊದಲೂ ಒಮ್ಮೆ ಅಳೆದು ಚೆಲ್ಲಿ, ಬೆಳಿಗ್ಗೆಯದ್ದಕ್ಕೆ ಕೂಡಿಸಿ.


ಕೊಡಿಯಾಲ್_ರೀಟಾ
ಭಾನುವಾರ ರಾತ್ರಿ 9:40

ನಾಳೆ ರಜೆ ಉಂಟಾ?


ಬಿಜೈ_ಅಮ್ಮ
ಭಾನುವಾರ ರಾತ್ರಿ 9:44

ಡಿಸಿ ಹೇಳ್ಲಿಲ್ಲ. ನಮ್ಮವಳು ಟಾರ್ಚ್ ಹಿಡ್ಕೊಂಡು ಬಾಟ್ಲಿ ನೋಡ್ಲಿಕ್ಕೆ ಅಪ್ಪನನ್ನು ಎಬ್ಬಿಸ್ತಾ ಇದ್ದಾಳೆ.